ಕಾಂಡೊ ಶುಲ್ಕ ಇಮ್ಮಡಿಯಾದರೆ ಯಾರನ್ನು ಕೇಳಬೇಕು? ಫ್ಲಾರಿಡಾದ ಮನೆ ಮಾಲೀಕರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಾವು ನಿವೃತ್ತ ದಂಪತಿ. ಫ್ಲಾರಿಡಾದ ಬ್ರೋವರ್ಡ್ ಕೌಂಟಿಯ ಕಡಲತಡಿಯಲ್ಲಿ, 1985ರಲ್ಲಿ ಕಟ್ಟಿದ ಒಂಬತ್ತು ಮಹಡಿಯ ಕಾಂಡೊ ಕಟ್ಟಡದಲ್ಲಿ, ಅಂದರೆ ಒಂದೊಂದು ಮನೆಗೂ ಬೇರೆ ಮಾಲೀಕರಿದ್ದು ಕಟ್ಟಡವನ್ನು ಮಾಲೀಕರ ಸಂಘ ನೋಡಿಕೊಳ್ಳುವ ಸಮುಚ್ಚಯದಲ್ಲಿ, ವಾಸವಾಗಿದ್ದೇವೆ. ಕೊಂಡಾಗ ತಿಂಗಳಿಗೆ 480 ಡಾಲರ್ ಇದ್ದ ಸಂಘದ ಶುಲ್ಕ ಈಗ 1,050 ಡಾಲರ್ ಆಗಿದೆ. ಅದರ ಮೇಲೆ ಕಾಂಕ್ರೀಟ್ ದುರಸ್ತಿಗೆಂದು ಮನೆಯೊಂದಕ್ಕೆ 36,000 ಡಾಲರ್ ವಿಶೇಷ ವಂತಿಗೆ ವಿಧಿಸಿದ್ದಾರೆ. ಹೊಸ ಕಾನೂನೇ ಇದಕ್ಕೆ ಕಾರಣವೆಂದು ಆಡಳಿತ ಮಂಡಳಿಯವರು ಹೇಳಿದರೆ, ವಿಮೆಯ ಕಂತು ಕಾರಣವೆಂದು ವ್ಯವಸ್ಥಾಪಕರು ಹೇಳುತ್ತಾರೆ. ನಮ್ಮ ಸ್ವಂತ ವಿಮೆಯಿಂದ ಈ ಹಣ ಸಿಗುವುದೇ? ಲೆಕ್ಕ ಸ್ಪಷ್ಟವಾಗುವವರೆಗೆ ಶುಲ್ಕವನ್ನು ತಡೆಹಿಡಿಯಬಹುದೇ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುವೆ, ಏಕೆಂದರೆ ಅದರಲ್ಲಿ ತಪ್ಪಿದರೆ ಮನೆಯೇ ಕೈಬಿಟ್ಟು ಹೋದೀತು. ದಯವಿಟ್ಟು ಶುಲ್ಕವನ್ನು ತಡೆಹಿಡಿಯಬೇಡಿ. ಫ್ಲಾರಿಡಾದ ಕಾಂಡೊಗಳಿಗೆ ಅನ್ವಯಿಸುವ ಶಾಸನದ 718ನೆಯ ಅಧ್ಯಾಯದ ಪ್ರಕಾರ, ಮನೆಯನ್ನು ಬಳಸುತ್ತಿಲ್ಲವೆಂದಾಗಲೀ, ಸಾಮಾನ್ಯ ಸೌಲಭ್ಯಗಳು ತನಗೆ ಬೇಡವೆಂದಾಗಲೀ ಹೇಳಿ ಮಾಲೀಕರು ಶುಲ್ಕದ ಹೊಣೆಯಿಂದ ತಪ್ಪಿಸಿಕೊಳ್ಳಲಾಗದು. ಕಾಂಡೊ ಸ್ಥಾಪಿಸಿದಾಗ ಅದರ ನಿಯಮಗಳನ್ನು ಬರೆದ ಮೂಲ ಘೋಷಣಾಪತ್ರದಲ್ಲಿ ಬೇರೆ ದರ ನಮೂದಾಗಿಲ್ಲದಿದ್ದರೆ ಬಾಕಿಯ ಮೇಲೆ ವರ್ಷಕ್ಕೆ ಶೇ 18ರಷ್ಟು ಬಡ್ಡಿ ಬೀಳುತ್ತದೆ, ಜೊತೆಗೆ ವಿಳಂಬ ಶುಲ್ಕವೂ ಸಂಘದ ವಕೀಲರ ಖರ್ಚೂ ನಿಮ್ಮ ಖಾತೆಗೇ ಸೇರಬಹುದು. ಸಂಘವು ನಿಮ್ಮ ಮನೆಯ ಮೇಲೆ ಋಣಭಾರ ದಾಖಲಿಸಿ, ಕಾನೂನು ಹೇಳಿದ ನೋಟಿಸುಗಳನ್ನು ಕೊಟ್ಟ ನಂತರ, ನ್ಯಾಯಾಲಯದ ಮೂಲಕ ಮನೆಯನ್ನು ಹರಾಜಿಗೆ ತರಬಹುದು. ಬ್ಯಾಂಕಿನ ಸಾಲ ಪೂರ್ತಿ ತೀರಿಸಿದವರೂ ಇದಕ್ಕೆ ಹೊರತಲ್ಲ. ಆಕ್ಷೇಪವಿದ್ದರೆ ಅದನ್ನು ಲಿಖಿತವಾಗಿ ದಾಖಲಿಸಿ, ಹಣವನ್ನು ಕಟ್ಟಿ, ಲೆಕ್ಕವನ್ನು ಆಮೇಲೆ ಪ್ರಶ್ನಿಸುವುದೇ ಸುರಕ್ಷಿತ ಮಾರ್ಗ.

ಇನ್ನು ಕಾರಣದ ವಿಷಯ. ಮಂಡಳಿಯವರೂ ವ್ಯವಸ್ಥಾಪಕರೂ ಹೇಳಿದ್ದು ಸುಳ್ಳಲ್ಲ, ಆದರೆ ಇಬ್ಬರೂ ಅರ್ಧವನ್ನಷ್ಟೇ ಹೇಳಿದ್ದಾರೆ. 2021ರ ಜೂನ್ 24ರ ನಸುಕಿನಲ್ಲಿ ಮಯಾಮಿಯ ಸಮೀಪದ ಸರ್ಫ್‌ಸೈಡ್‌ನಲ್ಲಿ ಚಾಂಪ್ಲೇನ್ ಟವರ್ಸ್ ಸೌತ್ ಎಂಬ ಹನ್ನೆರಡು ಮಹಡಿಯ ಕಾಂಡೊ ಕಟ್ಟಡದ ಒಂದು ಭಾಗ ಕುಸಿದು 98 ಮಂದಿ ಸತ್ತರು. ಆ ಕಟ್ಟಡದ ಕಾಂಕ್ರೀಟ್ ಹಾಳಾಗಿರುವುದನ್ನೂ ನೀರು ಇಂಗದಂತೆ ತಡೆಯುವ ಪದರ ಕೆಟ್ಟಿರುವುದನ್ನೂ ಎಂಜಿನಿಯರೊಬ್ಬರು 2018ರಲ್ಲಿಯೇ ವರದಿ ಮಾಡಿದ್ದರು. ಸುಮಾರು 1.5 ಕೋಟಿ ಡಾಲರಿನ ದುರಸ್ತಿಗೆ ಸಂಘ ಒಪ್ಪಿಗೆ ಕೊಟ್ಟದ್ದು ಕುಸಿತಕ್ಕೆ ಕೆಲವೇ ತಿಂಗಳ ಮುಂಚೆ. ಆ ಹೊತ್ತಿಗೆ ಒಂದೊಂದು ಮನೆಯ ಪಾಲು, ಮನೆಯಿಂದ ಮನೆಗೆ ಬೇರೆಯಾಗಿ, ಸುಮಾರು 80 ಸಾವಿರ ಡಾಲರಿನಿಂದ 3.36 ಲಕ್ಷ ಡಾಲರಿನವರೆಗೆ ಇತ್ತು. ಅಷ್ಟು ದೊಡ್ಡ ಮೊತ್ತ ಒಮ್ಮೆಲೇ ಬರಲು ಕಾರಣ, ಅದಕ್ಕಾಗಿ ವರ್ಷವರ್ಷವೂ ಸಾಕಷ್ಟು ಹಣ ಎತ್ತಿಡದೆ ಹೋದದ್ದು.

ಈ ಪದ್ಧತಿ ಆ ಒಂದು ಕಟ್ಟಡಕ್ಕೆ ಸೀಮಿತವಾಗಿರಲಿಲ್ಲ. ಚಾವಣಿ, ಬಣ್ಣ, ಕಾಂಕ್ರೀಟ್ ಇತ್ಯಾದಿಗಳ ಮುಂದಿನ ಖರ್ಚಿಗೆ ಎತ್ತಿಡಬೇಕಾದ ಮೀಸಲು ನಿಧಿಯನ್ನು ಮಾಲೀಕರೇ ಬಹುಮತದಿಂದ ಕಡಿತಗೊಳಿಸಲು ಅಥವಾ ಪೂರ್ತಿ ಕೈಬಿಡಲು ಫ್ಲಾರಿಡಾದ ಕಾನೂನು ಆಗ ಅವಕಾಶ ಕೊಟ್ಟಿತ್ತು. ತಿಂಗಳ ಶುಲ್ಕ ಕಡಿಮೆಯಿದ್ದರೆ ಇರುವವರಿಗೂ ಹಿತ, ಮಾರುವವರಿಗೂ ಹಿತ. ಹಾಗಾಗಿ ಎಷ್ಟೋ ಸಂಘಗಳು ವರ್ಷ ಬಿಡದೆ ಕೈ ಎತ್ತಿ ಮತ ಹಾಕಿ ಆ ನಿಧಿಯನ್ನು ಮುಂದಕ್ಕೆ ತಳ್ಳಿದವು. ನೀವು ಕೊಂಡಾಗಿನ 480 ಡಾಲರ್ ಕಟ್ಟಡದ ನಿಜವಾದ ಖರ್ಚಾಗಿತ್ತೇ ಎಂಬುದನ್ನು ಹಳೆಯ ಬಜೆಟ್‌ಗಳು ಹೇಳುತ್ತವೆ. ಬಹುಶಃ ಆಗಿರಲಾರದು ಎಂಬುದು ನನ್ನ ಅಭಿಪ್ರಾಯ.

2022ರ ಮೇ ತಿಂಗಳಲ್ಲಿ ಬಂದ ಕಾನೂನು ಈ ಬಾಗಿಲನ್ನು ಮುಚ್ಚಿತು. ಮೂರು ಅಥವಾ ಹೆಚ್ಚು ಮಹಡಿಗಳಿರುವ ಕಾಂಡೊ ಕಟ್ಟಡಕ್ಕೆ 30 ವರ್ಷ ತುಂಬಿದಾಗ ಎಂಜಿನಿಯರ್ ಅಥವಾ ವಾಸ್ತುಶಿಲ್ಪಿಯಿಂದ ತಪಾಸಣೆ ಆಗಲೇಬೇಕು. ಉಪ್ಪುನೀರಿನ ಸಾಮೀಪ್ಯದಂಥ ಕಾರಣಗಳಿದ್ದರೆ ಸ್ಥಳೀಯ ಆಡಳಿತ ಅದನ್ನು 25ನೆಯ ವರ್ಷಕ್ಕೇ ಕೇಳಬಹುದು. ಆಮೇಲೆ ಹತ್ತು ವರ್ಷಕ್ಕೊಮ್ಮೆ ಅದು ಮರುಕಳಿಸಬೇಕು. ಮೊದಲ ಹಂತದಲ್ಲಿ ಕಣ್ಣಿಗೆ ಕಾಣುವುದನ್ನು ಪರೀಕ್ಷಿಸುತ್ತಾರೆ. ಗಂಭೀರ ಶಿಥಿಲತೆ ಕಂಡುಬಂದರೆ ಎರಡನೆಯ ಹಂತದ ಆಳವಾದ ಪರೀಕ್ಷೆ ನಡೆಯುತ್ತದೆ, ಮತ್ತು ಆ ವರದಿ ಬಂದ 365 ದಿನಗಳೊಳಗೆ ದುರಸ್ತಿ ಆರಂಭವಾಗಬೇಕು. ಇದರೊಂದಿಗೆ ಕಟ್ಟಡದ ಭದ್ರತೆಗೆ ಸಂಬಂಧಿಸಿದ ಮೀಸಲು ನಿಧಿ ಅಧ್ಯಯನವೂ ಕಡ್ಡಾಯವಾಯಿತು. ಚಾವಣಿ, ಭಾರ ಹೊರುವ ಗೋಡೆಗಳು, ಅಗ್ನಿ ರಕ್ಷಣೆ, ನೀರಿನ ಕೊಳವೆಗಳು, ವಿದ್ಯುತ್ ವ್ಯವಸ್ಥೆ, ಜಲನಿರೋಧಕ ಲೇಪ ಮತ್ತು ಹೊರಬಣ್ಣ, ಕಿಟಕಿ ಮತ್ತು ಹೊರಬಾಗಿಲುಗಳು ಇನ್ನೆಷ್ಟು ವರ್ಷ ಬಾಳುತ್ತವೆ, ಬದಲಿಸಲು ಎಷ್ಟು ಬೇಕು ಎಂಬುದನ್ನು ಅದು ಲೆಕ್ಕ ಹಾಕುತ್ತದೆ. 2024ರ ಡಿಸೆಂಬರ್ 31ರಿಂದೀಚೆಗೆ ಅಂಗೀಕಾರವಾದ ಬಜೆಟ್‌ಗಳಲ್ಲಿ ಈ ಅಂಶಗಳ ಮೀಸಲು ಹಣವನ್ನು ಹಿಂದಿನಂತೆ ಕೈ ಎತ್ತಿ ಕೈಬಿಡಲು ಬರುವುದಿಲ್ಲ. ಕಾನೂನಿನ ಉದ್ದೇಶವನ್ನು ನಾನು ಪೂರ್ಣಮನಸ್ಸಿನಿಂದ ಒಪ್ಪುತ್ತೇನೆ. ಆದರೆ ಮೂವತ್ತು ನಲವತ್ತು ವರ್ಷ ಮುಂದೂಡಿದ್ದನ್ನು ಎರಡು ಮೂರು ವರ್ಷಗಳಲ್ಲಿ ತುಂಬಿಸಲು ಹೊರಟದ್ದು ಪಿಂಚಣಿಯಲ್ಲೇ ಬದುಕುವವರ ಮೇಲೆ ಅತಿಯಾದ ಭಾರ ಹೊರಿಸಿತು ಎಂಬುದನ್ನೂ ಹೇಳಲೇಬೇಕು. 2025ರ ತಿದ್ದುಪಡಿ ಅದನ್ನು ಸ್ವಲ್ಪ ಸಡಿಲಿಸಿದೆ: ಬಹುಮತದ ಒಪ್ಪಿಗೆಯಿದ್ದರೆ ಮೀಸಲು ನಿಧಿಯ ಬದಲಿಗೆ ಸಂಘ ಸಾಲ ಪಡೆಯಬಹುದು, ಮತ್ತು ತಪಾಸಣೆ ಸೂಚಿಸಿದ ದುರಸ್ತಿಯನ್ನು ಮಾಡುವಾಗ ಗರಿಷ್ಠ ಎರಡು ಬಜೆಟ್‌ಗಳವರೆಗೆ ಮೀಸಲು ಸಂಗ್ರಹವನ್ನು ನಿಲ್ಲಿಸಬಹುದು ಅಥವಾ ಇಳಿಸಬಹುದು. ನಿಮ್ಮ ಸಂಘ ದುರಸ್ತಿಗೂ ಮೀಸಲಿಗೂ ಏಕಕಾಲಕ್ಕೆ ಹಣ ಕೇಳುತ್ತಿದೆ ಎಂದು ನಿಮ್ಮ ಪತ್ರದಿಂದ ತೋರುತ್ತದೆ. ಈ ಸಡಿಲಿಕೆಯನ್ನು ಮತಕ್ಕೆ ಹಾಕಿದ್ದಾರೆಯೇ ಎಂಬುದು ನೀವು ಕೇಳಬೇಕಾದ ಮೊದಲ ಪ್ರಶ್ನೆ.

ವಿಮೆಯ ಭಾರ ಬೇರೆ ದಾರಿಯಿಂದ ಬಂದದ್ದು. ಚಂಡಮಾರುತಗಳು, ದುಬಾರಿಯಾದ ಮರುವಿಮೆ (ವಿಮಾ ಕಂಪನಿಗಳೇ ತಮಗಾಗಿ ಕೊಳ್ಳುವ ವಿಮೆ), ಏರಿದ ಕಟ್ಟಡ ವೆಚ್ಚ ಇವುಗಳ ಜೊತೆಗೆ ವ್ಯಾಜ್ಯಗಳ ಕಾಟವೂ ಸೇರಿತ್ತು. 2019ರಲ್ಲಿ ಅಮೆರಿಕದ ಮನೆವಿಮೆಯ ಪರಿಹಾರ ಅರ್ಜಿಗಳಲ್ಲಿ ಫ್ಲಾರಿಡಾದ ಪಾಲು ಸುಮಾರು ಶೇ 8 ಇದ್ದರೆ, ವಿಮಾ ಕಂಪನಿಗಳ ಮೇಲಿನ ಮೊಕದ್ದಮೆಗಳಲ್ಲಿ ಅದರ ಪಾಲು ಸುಮಾರು ಶೇ 76 ಇತ್ತು. ಹಲವು ಕಂಪನಿಗಳು ದಿವಾಳಿಯಾದವು. 2022ರ ಡಿಸೆಂಬರಿನ ಕಾನೂನು, ಸೋತ ಕಂಪನಿಯೇ ಗ್ರಾಹಕರ ವಕೀಲರ ಶುಲ್ಕ ಕೊಡಬೇಕೆಂಬ ಏಕಮುಖ ನಿಯಮವನ್ನು ಮನೆವಿಮೆಯಲ್ಲಿ ರದ್ದುಪಡಿಸಿತು. ಇದರಿಂದ ಮಾರುಕಟ್ಟೆ ಸ್ವಲ್ಪ ಸುಧಾರಿಸಿದ್ದು ನಿಜ. ಆದರೆ ನ್ಯಾಯವಾದ ಪರಿಹಾರಕ್ಕಾಗಿ ಹೋರಾಡಬೇಕಾದ ಸಾಮಾನ್ಯ ಮಾಲೀಕರ ಬಲ ಕುಗ್ಗಿದ್ದೂ ಅಷ್ಟೇ ನಿಜ.

ನಿಮ್ಮ ಸ್ವಂತ ಪಾಲಿಸಿಯ ಬಗ್ಗೆ ಕೇಳಿದ್ದೀರಿ. ಕಾಂಡೊದಲ್ಲಿ ವಿಮೆ ಎರಡು ಪದರಗಳಲ್ಲಿರುತ್ತದೆ. ಕಟ್ಟಡದ ಮೂಲ ರಚನೆಗೆ ಸಂಘದ ಪಾಲಿಸಿ. ನಿಮ್ಮ ಮನೆಯೊಳಗಿನ ನೆಲಹಾಸು, ಗೋಡೆಯ ಬಣ್ಣ, ಅಡುಗೆಮನೆಯ ಕಪಾಟು, ವಾಟರ್ ಹೀಟರ್, ಉಪಕರಣ, ಸಾಮಾನುಗಳಿಗೆ ಎಚ್‌ಒ-6 ಎಂದು ಕರೆಯುವ ನಿಮ್ಮ ಪಾಲಿಸಿ. ನಿಮ್ಮ ಪಾಲಿಸಿಯಲ್ಲಿ, ಸಂಘ ವಿಧಿಸಿದ ವಂತಿಗೆಗೆ ಪರಿಹಾರ ಕೊಡುವ ಭಾಗವೊಂದು ಕನಿಷ್ಠ 2,000 ಡಾಲರಿನಷ್ಟು ಇರಲೇಬೇಕೆಂದು ಫ್ಲಾರಿಡಾದ ಕಾನೂನು ಹೇಳುತ್ತದೆ. ಆದರೆ ಅದು ಬೆಂಕಿ, ಬಿರುಗಾಳಿಯಂಥ ವಿಮಾವ್ಯಾಪ್ತಿಯ ಅವಘಡದಿಂದ ಹುಟ್ಟಿದ ವಂತಿಗೆಗೆ ಮಾತ್ರ. ಕಾಲಕ್ರಮದಲ್ಲಿ ಶಿಥಿಲವಾದ ಕಾಂಕ್ರೀಟಿನ ದುರಸ್ತಿ ಅವಘಡವಲ್ಲ. ಆದ್ದರಿಂದ 36,000 ಡಾಲರಿಗೆ ಅಲ್ಲಿಂದ ನೆರವು ಸಿಗದು. ಹಾಗೆಂದು ಆ ಭಾಗವನ್ನು ಕಡೆಗಣಿಸಬೇಡಿ. ಸಂಘದ ಪಾಲಿಸಿಯಲ್ಲಿ ಚಂಡಮಾರುತದ ಡಿಡಕ್ಟಿಬಲ್, ಅಂದರೆ ವಿಮೆ ಕೊಡುವ ಮೊದಲು ಸಂಘವೇ ಭರಿಸಬೇಕಾದ ಪಾಲು, ಸಾಮಾನ್ಯವಾಗಿ ಶೇಕಡಾವಾರಿನಲ್ಲಿರುತ್ತದೆ. ಉದಾಹರಣೆಗೆ, 4 ಕೋಟಿ ಡಾಲರಿಗೆ ವಿಮೆಯಿರುವ ನೂರು ಮನೆಗಳ ಕಟ್ಟಡಕ್ಕೆ ಅದು ಶೇ 5 ಆದರೆ 20 ಲಕ್ಷ ಡಾಲರ್, ಸಮನಾಗಿ ಹಂಚಿದರೆ ಮನೆಗೆ 20,000 ಡಾಲರ್. ನಿಮ್ಮ ಕಟ್ಟಡದ ಆ ಸಂಖ್ಯೆ ಎಷ್ಟು, ನಿಮ್ಮ ಪಾಲಿಸಿ ಅದರಲ್ಲಿ ಎಷ್ಟು ಕೊಡುತ್ತದೆ ಎಂದು ಏಜೆಂಟರಿಂದ ಬರಹದಲ್ಲಿ ಪಡೆಯಿರಿ.

ತಪಾಸಣಾ ವರದಿ, ಮೀಸಲು ನಿಧಿ ಅಧ್ಯಯನ, ಗುತ್ತಿಗೆಗೆ ಬಂದ ದರಪಟ್ಟಿಗಳು, ಸಭೆಗಳ ನಡಾವಳಿ, ವಿಮಾ ಪಾಲಿಸಿ ಇವೆಲ್ಲ ಸಂಘದ ಅಧಿಕೃತ ದಾಖಲೆಗಳು. ಲಿಖಿತವಾಗಿ ಕೇಳಿದ ಹತ್ತು ಕೆಲಸದ ದಿನಗಳೊಳಗೆ ಅವುಗಳನ್ನು ನೋಡಲು ಕೊಡುವುದು ಸಂಘದ ಕರ್ತವ್ಯ. ಕೊಡದಿದ್ದರೆ ರಾಜ್ಯದ ಕಾಂಡೊ ವಿಭಾಗಕ್ಕೆ ದೂರು ಕೊಡಬಹುದು. ಒಂದೇ ಒಂದು ದರಪಟ್ಟಿಯ ಮೇಲೆ ದುರಸ್ತಿಯ ಗುತ್ತಿಗೆ ಕೊಟ್ಟಿದ್ದರೆ, ಎಂಜಿನಿಯರ್ ಸೂಚಿಸದ ಲಾಬಿಯ ಅಲಂಕಾರ ಕಾಂಕ್ರೀಟಿನ ಹೆಸರಿನಲ್ಲಿ ಸೇರಿಕೊಂಡಿದ್ದರೆ, ನಿಮ್ಮ ಆಕ್ಷೇಪಕ್ಕೆ ಅಲ್ಲಿ ಗಟ್ಟಿ ನೆಲೆ ಸಿಗುತ್ತದೆ. ಅಕ್ಕಪಕ್ಕದ ಕೆಲವು ಮಾಲೀಕರನ್ನು ಜೊತೆಗೂಡಿಸಿಕೊಂಡು ಬಜೆಟ್ ಸಭೆಗೆ ಹೋಗಿ. ಒಬ್ಬರ ಸಿಟ್ಟಿಗಿಂತ ಹತ್ತು ಮಂದಿಯ ಲಿಖಿತ ಪ್ರಶ್ನೆಗೆ ಮಂಡಳಿ ಬೇಗ ಉತ್ತರಿಸುತ್ತದೆ.

ಪ್ರಶ್ನೆ: ಟ್ಯಾಂಪಾದ ಹೊರವಲಯದಲ್ಲಿ ನಮ್ಮದು ಸ್ವತಂತ್ರ ಮನೆ, ಬಡಾವಣೆಗೆ ಮನೆ ಮಾಲೀಕರ ಸಂಘವಿದೆ. ಚಾವಣಿಗೆ 16 ವರ್ಷವಾಗಿದೆ ಎಂಬ ಒಂದೇ ಕಾರಣಕ್ಕೆ ವಿಮಾ ಕಂಪನಿ ಪಾಲಿಸಿ ನವೀಕರಿಸುವುದಿಲ್ಲ ಎನ್ನುತ್ತಿದೆ. ಕಿಟಕಿಗಳಿಗೆ ಬಿರುಗಾಳಿ ತಡೆಯುವ ಮುಚ್ಚಳ ಹಾಕಿಸೋಣವೆಂದರೆ, ಬಡಾವಣೆಯ ಅಂದ ಕೆಡುತ್ತದೆಂದು ಸಂಘ ಅಡ್ಡಿಪಡಿಸುತ್ತಿದೆ.

ಉತ್ತರ: ಎರಡೂ ಕಡೆ ಕಾನೂನು ನಿಮ್ಮ ಪರವಾಗಿದೆ. ಚಾವಣಿಗೆ 15 ವರ್ಷ ತುಂಬಿಲ್ಲದಿದ್ದರೆ ವಯಸ್ಸೊಂದನ್ನೇ ಮುಂದಿಟ್ಟು ವಿಮೆ ನಿರಾಕರಿಸುವಂತಿಲ್ಲ. 15 ದಾಟಿದ್ದರೆ, ಚಾವಣಿಯನ್ನು ಬದಲಿಸಿ ಎನ್ನುವ ಮೊದಲು ಅಧಿಕೃತ ಪರೀಕ್ಷಕರಿಂದ ತಪಾಸಣೆ ಮಾಡಿಸಲು ನಿಮಗೆ ಅವಕಾಶ ಕೊಡಬೇಕು. ಇನ್ನೂ ಐದು ವರ್ಷ ಬಾಳುತ್ತದೆಂದು ವರದಿ ಬಂದರೆ ವಯಸ್ಸಿನ ಕಾರಣ ನಿಲ್ಲದು. ಆ ತಪಾಸಣೆಯ ಜೊತೆಗೇ ಗಾಳಿ ನಿರೋಧಕ ಅಂಶಗಳ ತಪಾಸಣೆಯನ್ನೂ ಮಾಡಿಸಿ. ಚಾವಣಿಯನ್ನು ಗೋಡೆಗೆ ಬಿಗಿದಿರುವ ಲೋಹದ ಪಟ್ಟಿ, ಚಾವಣಿಯ ಆಕಾರ, ಕಿಟಕಿಗಳ ರಕ್ಷಣೆ ಇವುಗಳಿಗೆ ತಕ್ಕಂತೆ ಕಂತಿನಲ್ಲಿ ರಿಯಾಯಿತಿ ಕೊಡುವುದು ಫ್ಲಾರಿಡಾದಲ್ಲಿ ಕಂಪನಿಗಳಿಗೆ ಕಡ್ಡಾಯ, ಆದರೆ ಆ ವರದಿಯನ್ನು ಮುಂದಿಟ್ಟು ಕೇಳಬೇಕಾದವರು ನೀವೇ.

ಸಂಘದ ವಿಷಯಕ್ಕೆ ಬಂದರೆ, ಸ್ವತಂತ್ರ ಮನೆಗಳ ಸಂಘಗಳಿಗೆ 720ನೆಯ ಅಧ್ಯಾಯ ಅನ್ವಯಿಸುತ್ತದೆ. ಚಂಡಮಾರುತ ರಕ್ಷಣೆಯ ಸಾಧನಗಳ ಬಣ್ಣ ಮತ್ತು ವಿನ್ಯಾಸಕ್ಕೆ ಸಂಘ ನಿಯಮ ರೂಪಿಸಬೇಕೆಂದೂ, ಆ ನಿಯಮಕ್ಕೆ ಹೊಂದುವ ಅರ್ಜಿಯನ್ನು ನಿರಾಕರಿಸುವಂತಿಲ್ಲವೆಂದೂ 2024ರ ತಿದ್ದುಪಡಿ ಸ್ಪಷ್ಟಪಡಿಸಿದೆ. ಆ ನಿಯಮದ ಪ್ರತಿಯನ್ನು ಪಡೆದು, ಅದಕ್ಕೆ ತಕ್ಕ ಮುಚ್ಚಳವನ್ನೇ ಆರಿಸಿ ಅರ್ಜಿ ಹಾಕಿ. ಒಂದು ಎಚ್ಚರಿಕೆ: ಪ್ರವಾಹದ ಹಾನಿ ಸಾಮಾನ್ಯ ಮನೆವಿಮೆಯಲ್ಲಿ ಸೇರಿರುವುದಿಲ್ಲ. ಕೇಂದ್ರ ಸರ್ಕಾರದ ಪ್ರವಾಹ ವಿಮೆ ಸಾಮಾನ್ಯವಾಗಿ 30 ದಿನಗಳ ನಂತರವೇ ಜಾರಿಗೆ ಬರುತ್ತದೆ, ಆದ್ದರಿಂದ ಚಂಡಮಾರುತದ ಸುದ್ದಿ ಬಂದ ಮೇಲೆ ಕೊಂಡರೆ ಪ್ರಯೋಜನವಿಲ್ಲ. ಚಂಡಮಾರುತದ ಕಾಲ ಜೂನ್ 1ಕ್ಕೆ ಆರಂಭವಾಗುವುದರಿಂದ ಏಪ್ರಿಲ್ ಮುಗಿಯುವುದರೊಳಗೆ ನಿರ್ಧರಿಸಿ.

ಪ್ರಶ್ನೆ: ಬೆಲೆ ಇಳಿದಿದೆಯೆಂದು ಫ್ಲಾರಿಡಾದಲ್ಲಿ ಹಳೆಯ ಕಾಂಡೊವೊಂದನ್ನು ಕೊಳ್ಳಬೇಕೆಂದಿದ್ದೇನೆ. ಏನನ್ನು ನೋಡಬೇಕು?

ಉತ್ತರ: ಬೆಲೆ ಏಕೆ ಇಳಿದಿದೆ ಎಂಬುದನ್ನು ನೋಡಬೇಕು. ಹಿಂದಿನ ಮಾಲೀಕರ ಶುಲ್ಕ ಬಾಕಿಗೆ ಅವರೊಂದಿಗೆ ನೀವೂ ಹೊಣೆಯಾಗುತ್ತೀರಿ. ಆದ್ದರಿಂದ ಬಾಕಿ ಎಷ್ಟೆಂದು ದೃಢೀಕರಿಸುವ ಪತ್ರವನ್ನು ಸಂಘದಿಂದ ಪಡೆಯದೆ ವ್ಯವಹಾರ ಮುಗಿಸಬೇಡಿ. ಮಹತ್ವದ ದುರಸ್ತಿ ಬಾಕಿಯಿರುವ ಕಟ್ಟಡಗಳ ಸಾಲವನ್ನು ಬ್ಯಾಂಕುಗಳಿಂದ ಮನೆಸಾಲಗಳನ್ನು ಕೊಳ್ಳುವ ಫ್ಯಾನಿ ಮೇ ಮತ್ತು ಫ್ರೆಡಿ ಮ್ಯಾಕ್ ಸಂಸ್ಥೆಗಳು ಕೊಳ್ಳುವುದಿಲ್ಲ. ಹಾಗಾಗಿ ಅಲ್ಲಿ ಬ್ಯಾಂಕ್ ಸಾಲ ಸಿಗುವುದು ಕಷ್ಟ, ಮುಂದೆ ನೀವು ಮಾರುವಾಗ ಕೊಳ್ಳುವವರಿಗೂ ಅದೇ ಕಷ್ಟ. ತಪಾಸಣಾ ವರದಿಯ ಸಾರಾಂಶ ಮತ್ತು ಮೀಸಲು ನಿಧಿ ಅಧ್ಯಯನವನ್ನು ಮಾರುವವರು ನಿಮಗೆ ಕೊಡಬೇಕು. 2025ರ ತಿದ್ದುಪಡಿಯ ನಂತರ, ಒಪ್ಪಂದಕ್ಕೆ ಸಹಿ ಹಾಕಿ ಈ ದಾಖಲೆಗಳು ಕೈಸೇರಿದ ಮೇಲೆ ಶನಿವಾರ, ಭಾನುವಾರ, ರಜಾದಿನಗಳನ್ನು ಬಿಟ್ಟು ಏಳು ದಿನಗಳೊಳಗೆ ನೀವು ಒಪ್ಪಂದದಿಂದ ಹಿಂದೆ ಸರಿಯಬಹುದು. ಆ ಏಳು ದಿನಗಳಲ್ಲಿ ಕಟ್ಟಡಗಳ ಕೆಲಸ ಬಲ್ಲ ಎಂಜಿನಿಯರೊಬ್ಬರಿಗೆ ಅಧ್ಯಯನವನ್ನು ಓದಲು ಕೊಡಿ, ಮತ್ತು ಹಿಂದಿನ ಎರಡು ವರ್ಷಗಳ ನಡಾವಳಿಯನ್ನು ನೀವೇ ಓದಿ, ಏಕೆಂದರೆ ಮುಂದೆ ಬರಲಿರುವ ವಂತಿಗೆಯ ಮಾತು ಬಜೆಟ್‌ನಲ್ಲಿ ಕಾಣಿಸಿಕೊಳ್ಳುವ ಮೊದಲು ಅಲ್ಲಿಯೇ ಬಂದಿರುತ್ತದೆ.