ಹೆಣ ಬಿದ್ದ ಮನೆಯಲ್ಲಿ ನಗೆ

ಜಾರ್ಜೆಟ್ ಹೇಯರ್ ಅವರ ‘ಎನ್ವಿಯಸ್ ಕ್ಯಾಸ್ಕಾ’ ಎಂಬ ಪತ್ತೇದಾರಿ ಕಾದಂಬರಿಯನ್ನು ನಾವು ಹೊಗಳಿದ್ದನ್ನು ನಂಬಿ ಓದಲು ಕೂತಿರಂತೆ. “ಮನೆಯಲ್ಲಿ ಹೆಣ ಬಿದ್ದಿದೆ, ಒಬ್ಬಾಕೆ ಕಾಣೆಯಾದ ತನ್ನ ಪುಸ್ತಕ ಹುಡುಕುತ್ತಾಳೆ! ಇದೂ ಹಾಸ್ಯವೇ? ಅರ್ಧಕ್ಕೆ ಬಿಟ್ಟೆ” ಎಂದು ಬರೆದಿದ್ದೀರಿ.

ಸಿಟ್ಟು ಬಂದದ್ದು ಸರಿ. ಬಿಟ್ಟ ಜಾಗ ಮಾತ್ರ ಸರಿಯಿಲ್ಲ ಸ್ವಾಮಿ.

ಹೇಯರ್ (1902–1974) ಹೆಸರು ಮಾಡಿದ್ದು ರೀಜೆನ್ಸಿ ಕಾಲದ, ಅಂದರೆ ಹತ್ತೊಂಬತ್ತನೆಯ ಶತಮಾನದ ಆರಂಭದ ಇಂಗ್ಲೆಂಡಿನ, ಪ್ರಣಯ ಕಾದಂಬರಿಗಳಿಂದ. 1932ರಿಂದ 1953ರ ನಡುವೆ 12 ಪತ್ತೇದಾರಿಗಳನ್ನೂ ಬರೆದರು. ಅವುಗಳ ಕೊಲೆಯ ಹಂಚಿಕೆ ಹಲವು ಸಲ ಗಂಡ ರೊನಾಲ್ಡ್ ರೂಜಿಯರ್ ಅವರದು; ಗಣಿ ಎಂಜಿನಿಯರ್ ಆಗಿದ್ದು ಆಮೇಲೆ ಬ್ಯಾರಿಸ್ಟರ್ ಆದವರು. ‘ಎ’ ಹೀಗೆ ಮಾಡಿದ, ‘ಬಿ’ ಹಾಗೆ ಮಾಡಿದ ಎಂದು ಅವರು ಹೇಳಿದರೆ, ಆ ‘ಎ’, ‘ಬಿ’ಗಳಿಗೆ ಹೆಸರು, ಹಟ, ಸಿಡುಕು, ಹರಿತವಾದ ನಾಲಿಗೆ ಕೊಡುವುದು ಈಕೆಯ ಕೆಲಸ. ನನ್ನ ಮಟ್ಟಿಗೆ ಹೆಂಡತಿಯ ಪಾಲೇ ಹೆಚ್ಚಿನದು. ಕೊಲೆಗಾರ ಯಾರೆಂದು ಗೊತ್ತಿದ್ದೂ ಇವನ್ನು ಎರಡನೆಯ ಸಲ ಓದಿದ್ದೇನೆ.

1941ರ ಈ ಕಾದಂಬರಿಯನ್ನೇ ನೋಡಿ. ಕ್ರಿಸ್‌ಮಸ್ಸಿಗೆ ನೆಂಟರು ಸೇರಿದ್ದಾರೆ. ಯಜಮಾನ ನಥಾನಿಯಲ್ ಹೆರಿಯರ್ಡ್‌ಗೆ ಹಬ್ಬವೂ ಬೇಡ, ನೆಂಟರೂ ಬೇಡ. ಸಂಭ್ರಮವೆಲ್ಲ ತಮ್ಮ ಜೋಸೆಫ್‌ನದು. ಸೋದರನ ಮಗಳಿಗೆ ನಾಟಕಕ್ಕೆ ದುಡ್ಡು ಬೇಕು. ನಾಟಕಕಾರನನ್ನೂ ಜೊತೆಗೆ ತಂದಿದ್ದಾಳೆ, ಅವನು ಎಲ್ಲರನ್ನೂ ಕೂರಿಸಿಕೊಂಡು ನಾಟಕ ಓದುತ್ತಾನೆ. (ಆ ಪ್ರಸಂಗಕ್ಕೂ ನೀವು ನಗಲಿಲ್ಲವೆಂದರೆ ನನಗೆ ಆಶ್ಚರ್ಯ.) ಆಮೇಲೆ ಬೀಗ ಬಿದ್ದ ಕೋಣೆಯಲ್ಲಿ ಮುದುಕ ಇರಿತಕ್ಕೆ ಸತ್ತಿದ್ದಾನೆ. ಹೇಯರ್ ನಗುವುದು ಆ ಸಾವಿಗಲ್ಲ, ಅವನ ದುಡ್ಡಿನ ಮೇಲೆ ಕಣ್ಣಿಟ್ಟವರು ದುಃಖದ ಮುಖ ಹೊತ್ತುಕೊಳ್ಳಲು ಪಡುವ ಪಾಡಿಗೆ.

ಅಂದಹಾಗೆ, ಶೀರ್ಷಿಕೆ ಶೇಕ್ಸ್‌ಪಿಯರ್‌ನ ‘ಜೂಲಿಯಸ್ ಸೀಸರ್’ನಿಂದ ಬಂದದ್ದು, ಸೀಸರ್‌ನ ಹರಿದ ನಿಲುವಂಗಿ ತೋರಿಸುತ್ತ, ಇರಿದವರಲ್ಲೊಬ್ಬನಾದ ಕ್ಯಾಸ್ಕಾನ ಬಗ್ಗೆ ಆಂಟನಿ ಆಡುವ ಮಾತು. ಈಚೆಗೆ ಇದೇ ಪುಸ್ತಕ ‘ಎ ಕ್ರಿಸ್‌ಮಸ್ ಪಾರ್ಟಿ’ ಎಂಬ ಹೆಸರಿನಲ್ಲೂ ಬಂದಿದೆ. ಬೇರೆಯದೆಂದುಕೊಂಡು ಎರಡು ಸಲ ದುಡ್ಡು ಕೊಡಬೇಡಿ.

ಇನ್ನು ನಿಮ್ಮನ್ನು ರೇಗಿಸಿದ ಮಾಡ್, ಜೋಸೆಫ್‌ನ ಹೆಂಡತಿ. ಆಕೆ ಓದುತ್ತಿದ್ದುದು ಆಸ್ಟ್ರಿಯದ ಸಾಮ್ರಾಜ್ಞಿ ಎಲಿಸಬೆತ್‌ಳ ಜೀವನಚರಿತ್ರೆ. ಪೊಲೀಸರು ಮನೆಗೆ ಬಂದರೂ ಆಕೆಗೆ ಅದರದೇ ಧ್ಯಾನ. ಮನೆಮಂದಿಗೆ ಆ ಗೊಣಗಾಟ ಲೆಕ್ಕಕ್ಕಿಲ್ಲ. ನೀವೂ ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ, ಮೊದಲ ಓದಿನಲ್ಲಿ ನಾನೂ. ಇದಕ್ಕಿಂತ ಹೆಚ್ಚು ಹೇಳಿದರೆ ಗುಟ್ಟು ಒಡೆದ ಪಾಪ ನನಗೆ ಸುತ್ತಿಕೊಳ್ಳುತ್ತದೆ. ಬಿಟ್ಟ ಪುಟದಿಂದಲೇ ಮುಂದುವರಿಸಿ, ಆಕೆ ಗೊಣಗಿದಾಗಲೆಲ್ಲ ಒಂದು ಕಿವಿ ಅತ್ತ ಇಟ್ಟಿರಿ. ಮುಗಿಸಿದ ಮೇಲೂ ಸಿಟ್ಟು ಇಳಿಯದಿದ್ದರೆ ಇನ್ನೊಂದು ಪತ್ರ ಬರೆಯಿರಿ, ಅದನ್ನೂ ಅಚ್ಚು ಹಾಕುತ್ತೇವೆ.

— ಸಂ.