ಎರಡು ಹಳೆಯ ಟ್ರ್ಯಾಕ್ಟರ್‌ಗಳಲ್ಲಿ ಯಾವುದನ್ನು ಕೊಳ್ಳಲಿ?

ಸೇಡಂ ಕಡೆಯ ನಿಮ್ಮ ಎರೆ ಹೊಲದಲ್ಲಿ ತೊಗರಿ ಬೆಳೆಯಲು ಎರಡನ್ನು ನೋಡಿದ್ದೀರಿ: ಸ್ವಂತ ಹೊಲದಲ್ಲಷ್ಟೇ ದುಡಿದ 2011ರ 45 ಎಚ್‌ಪಿ, ಮರಳು ಎಳೆದ 2015ರ 35 ಎಚ್‌ಪಿ. ನಾನಾದರೆ ಮೊದಲನೆಯದನ್ನೇ ಆರಿಸುತ್ತೇನೆ. ಬಿತ್ತನೆಗೆ, ಕುಂಟೆ ಹೊಡೆಯಲು 35 ಎಚ್‌ಪಿ ಸಾಕು. ಬೇಸಿಗೆಯಲ್ಲಿ ಗಟ್ಟಿಯಾದ ಎರೆಯನ್ನು ಆಳವಾಗಿ ರೆಂಟೆ ಹೊಡೆಯುವಾಗ ಅದು ಏದುತ್ತದೆ. ಸದಾ ಭಾರದ ಟ್ರೇಲರ್ ಎಳೆದ ಗಾಡಿಯ ಕ್ಲಚ್, ಬ್ರೇಕ್ ಬೇಗ ಸವೆದಿರುತ್ತವೆ.

ಆದರೂ ಎಂಜಿನ್ ನೋಡದೆ ಮುಂಗಡ ಕೊಡಬೇಡಿ. ನೀವು ಬರುವ ಮುನ್ನ ಚಾಲೂ ಮಾಡಬಾರದೆಂದು ಮಾಲೀಕರಿಗೆ ಹೇಳಿ, ಹೋದ ತಕ್ಷಣ ಬಾನೆಟ್ ಮುಟ್ಟಿ ನೋಡಿ. ಬಿಸಿಯಿದ್ದರೆ ಇನ್ನೊಂದು ದಿನ ಬನ್ನಿ, ಏಕೆಂದರೆ ತಣ್ಣಗಿರುವಾಗಲೇ ಕಾಯಿಲೆ ಹೊರಬೀಳುತ್ತದೆ. ನೀಲಿ ಹೊಗೆ ನಿಲ್ಲದಿದ್ದರೆ ಆಯಿಲ್ ಸುಡುತ್ತಿದೆ. ಎಂಜಿನ್ ನಡೆಯುತ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತೆಗೆದಾಗ ಹೊಗೆ ಬುಸುಬುಸು ಎಂದು ಎದ್ದರೆ ಪಿಸ್ಟನ್ ರಿಂಗ್ ಸವೆದಿದೆ ಎಂದು ಅನುಮಾನಿಸಿ. ಆ ರಿಪೇರಿ ದುಬಾರಿ. ಹಿಂದೆ ಕಟ್ಟಿದ ರೋಟಾವೇಟರ್ (ಮಣ್ಣು ಪುಡಿ ಮಾಡುವ ಯಂತ್ರ) ಎತ್ತಿಸಿ ಎಂಜಿನ್ ಬಂದ್ ಮಾಡಿ: ತಕ್ಷಣ ಕುಸಿದರೆ ಹೈಡ್ರಾಲಿಕ್ ಸೋರುತ್ತಿದೆ. ಎಂಜಿನ್ ಎಷ್ಟು ಗಂಟೆ ಓಡಿದೆ ಎಂದು ತೋರಿಸುವ ಗಂಟೆ ಮೀಟರನ್ನು ನಂಬಬೇಡಿ, ಬದಲಿಸಬಹುದು. ಕ್ಲಚ್ ಪೆಡಲ್ ಸವೆತ, ಸ್ಟಿಯರಿಂಗ್ ಸಡಿಲ ನೋಡಿ.

ಆರ್‌ಸಿಯಲ್ಲಿ (ನೋಂದಣಿ ಪತ್ರ) ಬ್ಯಾಂಕಿನ ಸಾಲ ನಮೂದಾಗಿದ್ದರೆ ಬ್ಯಾಂಕಿನ ಎನ್‌ಒಸಿ (ಆಕ್ಷೇಪಣೆ ಇಲ್ಲವೆಂಬ ಪತ್ರ) ಮತ್ತು ಸಾಲದ ನಮೂದು ತೆಗೆಸುವ ಫಾರಂ 35 ಕೈಗೆ ಬರುವವರೆಗೆ ಪೂರ್ತಿ ಹಣ ಕೊಡಲೇಬೇಡಿ. ಹೆಸರು ಬದಲಾವಣೆಗೆ ಫಾರಂ 29, 30 ಬೇಕು. ಟೈರ್ ಸವೆದಿದ್ದರೆ ಹೊಸ ಟೈರ್ ಬೆಲೆಯನ್ನು ವ್ಯಾಪಾರದಲ್ಲೇ ಕಡಿತ ಮಾಡಿಸಿ.