ಮಸಾಜ್ ಮಾಡಿಸಿಕೊಂಡಿದ್ದಕ್ಕೇ ಹಾಗಾಯ್ತಾ?

(ಗುರುತು ಸಿಗದ ಹಾಗೆ ಹೆಸರು ಬಿಟ್ಟು, ಕೆಲವು ವಿವರ ಬದಲಿಸಿದ್ದೇನೆ. ಬರೆಯಲು ಆಕೆಯ ಒಪ್ಪಿಗೆ ಇದೆ.)

ಆಪ್ತಸಲಹೆಗಾರ್ತಿಯಾದ ನನ್ನ ಹತ್ತಿರ ಆಕೆ ಬಂದಾಗ ಬಸಿರಿಗೆ 24 ವಾರ ತುಂಬಿತ್ತು. ಹೇಳಿಕೊಂಡ ತೊಂದರೆ ನಿದ್ದೆಯದು. ರಾತ್ರಿ ಎರಡಕ್ಕೆ ಎಚ್ಚರವಾದರೆ ಮತ್ತೆ ಕಣ್ಣು ಹತ್ತುವುದಿಲ್ಲ, ಸೊಂಟ ಹಿಡಿದುಕೊಂಡಿರುತ್ತದೆ. ಜೊತೆಗಿದ್ದ ಗಂಡ ಮಧ್ಯೆ ಬಾಯಿ ಹಾಕಿದರು: "ಬೆನ್ನು ನೀವಿ ಕೊಡ್ತೀನಿ ಅಂದ್ರೆ ಕೈ ತಳ್ಳಿಬಿಡ್ತಾಳೆ ಮೇಡಂ." ಆಕೆ ಏನೂ ಅನ್ನಲಿಲ್ಲ. ಸೆರಗಿನ ತುದಿ ಸುತ್ತುತ್ತಾ ಕೂತಿದ್ದರು.

ಗಂಡನನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿದೆ. ಆಗ ಮಾತು ಹೊರಬಂತು. ಎರಡು ವರ್ಷದ ಹಿಂದೆ ಮೊದಲ ಬಸಿರು 9ನೇ ವಾರದಲ್ಲಿ ಹೋಗಿಬಿಟ್ಟಿತ್ತು. ಅದಕ್ಕೆ ನಾಲ್ಕು ದಿನ ಮುಂಚೆ ಆಕೆ ಬೆನ್ನಿಗೆ ಮಸಾಜ್ ಮಾಡಿಸಿಕೊಂಡಿದ್ದರು. ಬಸುರಿ ಅಂತ ಮಸಾಜ್ ಮಾಡಿದವರಿಗೆ ಹೇಳಿರಲಿಲ್ಲ. ಆಮೇಲೆ ಹತ್ತಿರದವರೊಬ್ಬರು "ಅಂಥ ಸಮಯದಲ್ಲಿ ಯಾರಾದ್ರೂ ಮೈ ಒತ್ತಿಸಿಕೊಳ್ತಾರಾ?" ಅಂದರಂತೆ. ಅಷ್ಟು ಸಾಕಾಯಿತು. ಅಂದಿನಿಂದ ಒಂದೇ ಪ್ರಶ್ನೆ ಆಕೆಯನ್ನು ಕೊರೆಯುತ್ತಿತ್ತು.

"ಮಸಾಜ್ ಮಾಡಿಸಿಕೊಂಡಿದ್ದಕ್ಕೇ ಹಾಗಾಯ್ತಾ ಮೇಡಂ?"

ನಾನು ತಕ್ಷಣ "ಇಲ್ಲ" ಅನ್ನಲಿಲ್ಲ. ಹಾಗೆ ಹೇಳಿದವರು ಅದಾಗಲೇ ಬೇಕಾದಷ್ಟು ಜನ ಇರುತ್ತಾರೆ. ಸುಮ್ನೆ ಸಮಾಧಾನಕ್ಕೆ ಹೇಳ್ತಾರೆ ಅಂತ ಇವರೂ ಬದಿಗಿಟ್ಟಿರುತ್ತಾರೆ. ಆಗಿನ ಸ್ಕ್ಯಾನ್ ರಿಪೋರ್ಟ್ ಇದೆಯಾ ಅಂತ ಕೇಳಿದೆ. ಮುಂದಿನ ವಾರ ತಂದರು. ಭ್ರೂಣದ ಬೆಳವಣಿಗೆ 6 ವಾರ 5 ದಿನಕ್ಕೆ ನಿಂತಿದೆ ಅಂತ ಅದರಲ್ಲಿತ್ತು. ಒಂದು ಹಾಳೆಯ ಮೇಲೆ ಗೆರೆ ಎಳೆದು ಬರೆದೆ: ಬೆಳವಣಿಗೆ ನಿಂತದ್ದು ಇಲ್ಲಿ, ಮಸಾಜ್ ಇಲ್ಲಿ, ರಕ್ತ ಕಂಡದ್ದು ಇಲ್ಲಿ. ಮಸಾಜ್ ಮಾಡಿಸಿಕೊಳ್ಳುವ ಹೊತ್ತಿಗೆ ಅದು ನಿಂತು ಹತ್ತು ದಿನದ ಮೇಲಾಗಿತ್ತು. ಎರಡು ವರ್ಷ ಬೀರುವಿನಲ್ಲೇ ಇದ್ದ ಕಾಗದ. ಯಾರೂ ತೆಗೆದು ನೋಡಿರಲಿಲ್ಲ. ಆಕೆ ತುಂಬಾ ಹೊತ್ತು ಅತ್ತರು, ನಾನು ಸುಮ್ಮನೆ ಕೂತಿದ್ದೆ.

ಎಲ್ಲರ ಹತ್ತಿರವೂ ಇಂಥ ಕಾಗದ ಇರುವುದಿಲ್ಲ, ನಿಜ. ಆದರೂ ಮೊದಲ ಮೂರು ತಿಂಗಳಲ್ಲಿ ಆಗುವ ಗರ್ಭಪಾತಗಳಲ್ಲಿ ಹೆಚ್ಚಿನವಕ್ಕೆ ಕ್ರೋಮೋಸೋಮ್‌ಗಳ ದೋಷವೇ ಕಾರಣ. ಹಗುರವಾದ ಬೆನ್ನಿನ ಮಸಾಜ್‌ನಿಂದ ಗರ್ಭ ಹೋಗುತ್ತದೆ ಅನ್ನುವುದಕ್ಕೆ ಆಧಾರ ಇಲ್ಲ. ಹಾಗಾದರೆ ಎಷ್ಟೋ ಕಡೆ 12 ವಾರದವರೆಗೆ ಮಸಾಜ್ ಮಾಡಲ್ಲ ಅಂತಾರಲ್ಲ, ಯಾಕೆ? ಗರ್ಭಪಾತ ಜಾಸ್ತಿ ಆಗುವುದೇ ಆ ದಿನಗಳಲ್ಲಿ, ಆರೋಪ ಮೈಮೇಲೆ ಬರಬಾರದು ಅನ್ನುವ ಎಚ್ಚರಿಕೆಯೂ ಅದರಲ್ಲಿದೆ ಅಂತ ನನ್ನ ಅನಿಸಿಕೆ.

ಮುಂದಿನ ಪ್ರಶ್ನೆ ಸೊಂಟದ್ದು. ನಾನು ಆಪ್ತಸಲಹೆಗಾರ್ತಿ, ಡಾಕ್ಟರ್ ಅಲ್ಲ. ಮೊದಲು ಅವರನ್ನು ಕೇಳಿ ಬನ್ನಿ ಅಂದೆ. ಬಿಪಿ ಸರಿಯಿದೆ, ರಕ್ತಸ್ರಾವ ಇಲ್ಲ, ಮಾಸು (ಪ್ಲಾಸೆಂಟಾ) ಗರ್ಭಕೋಶದ ಕೆಳಭಾಗದಲ್ಲಿಲ್ಲ, ಹಗುರವಾಗಿ ಮಾಡಿಸಿಕೊಳ್ಳಬಹುದು ಅಂದರಂತೆ. ಹೊರಗಿನವರು ಬೇಡ, ಗಂಡನೇ ಮಾಡಲಿ ಅಂತ ಆಕೆಯೇ ನಿರ್ಧರಿಸಿದರು. ಆ ಮನುಷ್ಯನ ಮುಖ ನೋಡಬೇಕಿತ್ತು!

ಅವರಿಗೆ ಹೇಳಿಕೊಟ್ಟದ್ದು ಇಷ್ಟು. ಅಂಗಾತ ಮಲಗಿಸಬೇಡಿ. ಸುಮಾರು 20 ವಾರ ದಾಟಿದ ಮೇಲೆ ಗರ್ಭಕೋಶದ ಭಾರ ಹೃದಯಕ್ಕೆ ರಕ್ತ ಒಯ್ಯುವ ದೊಡ್ಡ ರಕ್ತನಾಳದ ಮೇಲೆ ಬೀಳುತ್ತದೆ. ತಲೆ ಸುತ್ತಬಹುದು, ಮಗುವಿಗೆ ಹೋಗುವ ರಕ್ತವೂ ಕಡಿಮೆಯಾಗಬಹುದು. ಎಡ ಮಗ್ಗುಲಿಗೆ ಮಲಗಿಸಿ, ಮಂಡಿಗಳ ನಡುವೆ ದಿಂಬು ಇಡಿ. ಸೊಂಟ, ಭುಜ, ಕುತ್ತಿಗೆ, ಪಾದ ಸಾಕು. ಬೆನ್ನುಮೂಳೆಯ ಮೇಲೆ ಒತ್ತಬೇಡಿ, ಪಕ್ಕದ ಸ್ನಾಯುಗಳನ್ನು ನೀವಿ. ಹೊಟ್ಟೆಯನ್ನು ಒತ್ತುವುದು, ತಿಕ್ಕುವುದು ಬೇಡವೇ ಬೇಡ, ಬೇಕಾದರೆ ಸುಮ್ನೆ ಕೈ ಇಟ್ಟುಕೊಂಡಿರಿ. ಎಣ್ಣೆಗೆ ಘಮಘಮ ಸುಗಂಧ ಸೇರಿರುವುದು ಬೇಡ. ಹದಿನೈದು ನಿಮಿಷ ಆದರೆ ಹೆಚ್ಚಾಯಿತು. ಆಮೇಲೆ ಅಂಗಾಲು ಒರೆಸಿಯೇ ಎಬ್ಬಿಸಿ. ಮಸಾಜ್‌ಗಿಂತ ಜಾರಿ ಬೀಳುವುದು ದೊಡ್ಡ ಅಪಾಯ. ಜೋರಾದ ತಲೆನೋವು, ಕಣ್ಣು ಮಂಜಾಗುವುದು, ಮುಖ ಕೈ ದಿಢೀರ್ ಊದಿಕೊಳ್ಳುವುದು ಕಂಡರೆ ನೀವುತ್ತಾ ಕೂರಬೇಡಿ, ಆಸ್ಪತ್ರೆಗೆ ಹೊರಡಿ. ಅದು ಬಿಪಿ ಏರಿರುವ ಗುರುತು ಇರಬಹುದು.

ಲಾಭದ ಬಗ್ಗೆ ಉತ್ಪ್ರೇಕ್ಷೆ ಮಾಡಲಿಲ್ಲ. ನಡೆದ ಅಧ್ಯಯನಗಳು ಸಣ್ಣವು. ಸೊಂಟನೋವು, ಆತಂಕ, ನಿದ್ದೆ ಕೆಲವರಿಗೆ ಸುಧಾರಿಸುತ್ತದೆ, ಅಷ್ಟೇ. ಮಗು ಚುರುಕಾಗುತ್ತದೆ ಅನ್ನುವುದೆಲ್ಲ ಮಾರುವವರ ಮಾತು.

30ನೇ ವಾರದಲ್ಲಿ ಆಕೆ ಫೋನ್ ಮಾಡಿದರು. ಎಡಗಾಲಿನ ಮೀನಖಂಡ ನೋಯ್ತಿದೆ, ಇವರಿಗೆ ಜೋರಾಗಿ ಒತ್ತಲು ಹೇಳಲಾ? ಎರಡೂ ಕಾಲಾ ಅಂತ ಕೇಳಿದೆ. ಇಲ್ಲ, ಒಂದೇ, ಸ್ವಲ್ಪ ಊದಿದೆ, ಬಿಸಿಯಾಗಿದೆ. "ಮುಟ್ಟಬೇಡಿ, ಈಗಲೇ ಆಸ್ಪತ್ರೆಗೆ ಹೋಗಿ" ಅಂದೆ. ಬಸಿರಿನಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ಜಾಸ್ತಿಯಾಗುತ್ತದೆ, ಹೆರಿಗೆಯಲ್ಲಿ ಹೆಚ್ಚು ರಕ್ತ ಹೋಗದಿರಲಿ ಅಂತ ದೇಹ ಮಾಡಿಕೊಳ್ಳುವ ತಯಾರಿ ಅದು. ಅದರಿಂದಲೇ ಕಾಲಿನ ಒಳಗಿನ ರಕ್ತನಾಳದಲ್ಲಿ, ಅದರಲ್ಲೂ ಎಡಗಾಲಲ್ಲಿ, ಹೆಪ್ಪು ಕಟ್ಟುವುದುಂಟು. ಒತ್ತಿದರೆ ಅದರ ಚೂರು ಕಿತ್ತು ಶ್ವಾಸಕೋಶಕ್ಕೆ ಹೋಗಬಹುದು. ಸ್ಕ್ಯಾನ್‌ನಲ್ಲಿ ಹೆಪ್ಪೇನೂ ಸಿಗಲಿಲ್ಲ. "ಸುಮ್ನೆ ಹೆದರಿಸಿಬಿಟ್ರಿ" ಅಂತ ಆಕೆಗೆ ಸ್ವಲ್ಪ ಕೋಪವೇ ಬಂತು. ಬರಲಿ. ಮತ್ತೆ ಅದೇ ಫೋನ್ ಬಂದರೆ ಅದನ್ನೇ ಹೇಳುತ್ತೇನೆ. ಇದನ್ನು ಮೊದಲ ದಿನವೇ ಹೇಳಿಕೊಡದೆ ಬಿಟ್ಟದ್ದು ಮಾತ್ರ ನನ್ನ ತಪ್ಪು.

ಕೊನೆಯ ಭೇಟಿ 35ನೇ ವಾರದಲ್ಲಿ. ರಾತ್ರಿ ಎಚ್ಚರ ಈಗಲೂ ಆಗುತ್ತದೆ, ಆದರೆ ಮತ್ತೆ ನಿದ್ದೆ ಬರುತ್ತದೆ ಅಂದರು. ಹೊರಡುವ ಮುಂಚೆ ದನಿ ತಗ್ಗಿಸಿ ಇನ್ನೊಂದು ಕೇಳಿದರು. ಹೆರಿಗೆಯಲ್ಲಿ ಹರಿದು ಹೊಲಿಗೆ ಬೀಳುವುದು ಕಡಿಮೆಯಾಗಲಿ ಅಂತ ಯೋನಿದ್ವಾರದ ಕೆಳಗಿನ ಭಾಗಕ್ಕೆ ವಾರಕ್ಕೊಂದೆರಡು ಸಲ ಮಸಾಜ್ ಮಾಡಿಕೊಳ್ಳಿ ಅಂದಿದ್ದಾರೆ ಡಾಕ್ಟರ್, ಮಾಡಿಕೊಳ್ಳಬಹುದಾ? ಮೊದಲ ಹೆರಿಗೆಯವರಿಗೆ ಅದರಿಂದ ಉಪಯೋಗ ಇದೆ, ಕೈ ಚೆನ್ನಾಗಿ ತೊಳೆದುಕೊಂಡು ಅವರು ತೋರಿಸಿದ ಹಾಗೇ ಮಾಡಿ ಅಂದೆ. "ಇದನ್ನ ನಾನೇ ಮಾಡ್ಕೋತೀನಿ, ಇವರಿಗೆ ಕೊಡಲ್ಲ" ಅಂತ ನಕ್ಕು ಎದ್ದರು.